ಆ ಫಿಲ್ಮನ್ನು ಚಂದ್ರನಿಂದ ತಂದವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಚಂದ್ರನ ಮೇಲೆ ಗುಟ್ಟಾಗಿ ಇಳಿದಿದ್ದ ಅಮೆರಿಕದ ಗಗನಯಾತ್ರಿಗಳನ್ನು ಕಲ್ಲಿನ ವೇಷದಲ್ಲಿದ್ದ ಜೀವಿಗಳು ಕೊಂದವು, ನಾಸಾ ಅದನ್ನು ಇಷ್ಟು ವರ್ಷ ಮುಚ್ಚಿಟ್ಟಿತ್ತು ಎಂದು ಕನ್ನಡದಲ್ಲಿ ವಿವರಿಸುವ ವಿಡಿಯೊ ತುಣುಕೊಂದು ಈಚೆಗೆ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದನ್ನು ನಂಬಿ ಮುಂದಕ್ಕೆ ಕಳಿಸಿದವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ನಿವೃತ್ತ ಅಧಿಕಾರಿಗಳೂ ಇದ್ದಾರೆ. ಆ ತುಣುಕು ಯಾವ ಸರ್ಕಾರಿ ಕಡತದಿಂದಲೂ ಸೋರಿಕೆಯಾದದ್ದಲ್ಲ. 2011ರಲ್ಲಿ ತೆರೆಕಂಡ ‘ಅಪೊಲೊ 18’ ಎಂಬ ಭಯಾನಕ ಸಿನಿಮಾದಿಂದ ಕತ್ತರಿಸಿ ತೆಗೆದದ್ದು. ಒಂದು ಕಾಲದಲ್ಲಿ ಸಾಕ್ಷ್ಯಚಿತ್ರ ಘಟಕವೊಂದರಲ್ಲಿ 16 ಎಂ.ಎಂ. ಕ್ಯಾಮೆರಾ ಹಿಡಿದು ಜೀವನ ಸಾಗಿಸಿದವನಾದ್ದರಿಂದ, ಈ ಬಗೆಯ ಸಿನಿಮಾಗಳ ಬಗ್ಗೆಯೂ ನಾವು ಅವುಗಳನ್ನು ನೋಡುವ ರೀತಿಯ ಬಗ್ಗೆಯೂ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

‘ನಾವು ಏನನ್ನೂ ಚಿತ್ರೀಕರಿಸಿಲ್ಲ, ಎಲ್ಲೋ ಸಿಕ್ಕಿದ ದೃಶ್ಯಗಳನ್ನು ಜೋಡಿಸಿ ತೋರಿಸುತ್ತಿದ್ದೇವೆ’ ಎಂಬ ಸೋಗಿನಲ್ಲಿ ಬರುವ ಸಿನಿಮಾಗಳನ್ನು ಫೌಂಡ್ ಫುಟೇಜ್ ಎಂದು ಕರೆಯುತ್ತಾರೆ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಈ ಸೋಗಿನಿಂದಲೇ ಅಪಾರ ಹಣ ಗಳಿಸಿದ ಮೇಲೆ ಈ ಪ್ರಕಾರಕ್ಕೆ ಸುಗ್ಗಿ ಬಂತು. ಕನ್ನಡದಲ್ಲಿಯೂ 2013ರಲ್ಲಿ ಕೆ.ಎಸ್. ಅಶೋಕ ಅವರ ‘6-5=2’ ಚಾರಣಕ್ಕೆ ಹೋದವರ ಕ್ಯಾಮೆರಾ ದೃಶ್ಯಗಳೆಂದು ಹೇಳಿಕೊಂಡೇ ಚಿತ್ರಮಂದಿರಗಳನ್ನು ತುಂಬಿಸಿತು. ಸ್ಪೇನಿನ ಗೊಂಜಾಲೊ ಲೋಪೆಸ್-ಗಾಯೆಗೊ ನಿರ್ದೇಶಿಸಿದ ‘ಅಪೊಲೊ 18’ ಇದೇ ಉಪಾಯವನ್ನು ಚಂದ್ರನವರೆಗೆ ಒಯ್ದಿತು. 1974ರ ಡಿಸೆಂಬರಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಯಾರಿಗೂ ತಿಳಿಯದಂತೆ ಮೂವರು ಗಗನಯಾತ್ರಿಗಳನ್ನು ಕಳಿಸಿತೆಂದೂ, ಅವರು ತೆಗೆದ 84 ಗಂಟೆಗಳಷ್ಟು ದೃಶ್ಯಗಳು 2011ರಲ್ಲಿ ಅಂತರ್ಜಾಲಕ್ಕೆ ಬಂದವೆಂದೂ ಚಿತ್ರದ ಮೊದಲ ಸಾಲುಗಳು ಹೇಳುತ್ತವೆ. ನಿರ್ಮಾಪಕರಲ್ಲೊಬ್ಬರಾದ ಬಾಬ್ ವೈನ್‌ಸ್ಟೀನ್ ಅವರಂತೂ ಪತ್ರಿಕೆಯವರ ಮುಂದೆಯೂ ಅದೇ ಮಾತನ್ನು ಸಾಧಿಸಿದರು. ಇದು ಸಾಕ್ಷ್ಯಚಿತ್ರವಲ್ಲ, ಕಟ್ಟುಕಥೆ ಎಂದು ನಾಸಾದ ಪ್ರತಿನಿಧಿಯೇ ಸ್ಪಷ್ಟನೆ ಕೊಡಬೇಕಾಯಿತು.

ಸುಳ್ಳು ನಾಟಬೇಕಾದರೆ ಅದರ ಬುಡದಲ್ಲಿ ಹಿಡಿ ಸತ್ಯವಿರಬೇಕು; ಈ ಚಿತ್ರದವರು ಅದನ್ನು ಚೆನ್ನಾಗಿ ಅರಿತಿದ್ದರು. ಮನುಷ್ಯರನ್ನು ಚಂದ್ರನಿಗೆ ಒಯ್ದ ಅಪೊಲೊ ಸರಣಿಯ 18, 19 ಮತ್ತು 20ನೆಯ ಯಾನಗಳು ನಿಜವಾಗಿಯೂ ನಾಸಾದ ಯೋಜನೆಯಲ್ಲಿದ್ದವು. ಹಣದ ಕೊರತೆಯಿಂದ 1970ರ ಜನವರಿಯಲ್ಲಿ ಒಂದನ್ನೂ, ಅದೇ ವರ್ಷದ ಸೆಪ್ಟೆಂಬರ್ 2ರಂದು ಇನ್ನೆರಡನ್ನೂ ಕೈಬಿಟ್ಟರು. 1972ರ ಡಿಸೆಂಬರಿನ ಅಪೊಲೊ 17 ಕೊನೆಯದಾಯಿತು. ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾದದ್ದು 2011ರ ಸೆಪ್ಟೆಂಬರ್ 2ರಂದು. ಕಾಕತಾಳೀಯವೋ ಲೆಕ್ಕಾಚಾರವೋ, ಹೇಳುವುದು ಕಷ್ಟ. ಚಿತ್ರದ ಕೊನೆಯಲ್ಲಿ, ಚಂದ್ರಶಿಲೆಗಳನ್ನು ಬೇರೆ ಬೇರೆ ದೇಶಗಳಿಗೆ ಉಡುಗೊರೆಯಾಗಿ ಕೊಡಲಾಗಿತ್ತು, ಅವುಗಳಲ್ಲಿ ಅನೇಕ ಈಗ ನಾಪತ್ತೆಯಾಗಿವೆ ಎಂಬ ಸಾಲು ಬರುತ್ತದೆ. ಅದೂ ನಿಜವೇ. ಐರ್ಲೆಂಡಿಗೆ ಕೊಟ್ಟ ಅಪೊಲೊ 11ರ ಚೂರು 1977ರಲ್ಲಿ ವೀಕ್ಷಣಾಲಯವೊಂದಕ್ಕೆ ಬೆಂಕಿ ಬಿದ್ದಾಗ ಅವಶೇಷಗಳ ಜೊತೆಗೆ ಡಬ್ಲಿನ್ನಿನ ಕಸದ ತಿಪ್ಪೆ ಸೇರಿತು. ಆಮ್‌ಸ್ಟರ್‌ಡ್ಯಾಮಿನ ಪ್ರಸಿದ್ಧ ವಸ್ತುಸಂಗ್ರಹಾಲಯವೊಂದು ಚಂದ್ರಶಿಲೆಯೆಂದು ಜೋಪಾನ ಮಾಡಿದ್ದ ಕಲ್ಲು, 2009ರಲ್ಲಿ ಪರೀಕ್ಷಿಸಿದಾಗ, ಕಲ್ಲಾಗಿ ಮಾರ್ಪಟ್ಟ ಮರದ ತುಂಡೆಂದು ತಿಳಿಯಿತು.

ಕಸುಬಿನ ದೃಷ್ಟಿಯಿಂದ ನೋಡಿದರೆ ಚಿತ್ರದ ಮೊದಲರ್ಧವನ್ನು ಮೆಚ್ಚದಿರಲು ಕಾರಣವಿಲ್ಲ. ಇಕ್ಕಟ್ಟಾದ ನೌಕೆ, ಕಿಟಕಿಯಾಚೆಯ ಕರಿ ಆಕಾಶ, ಸದ್ದಿನ ನಡುವೆ ಕಡಿದು ಕಡಿದು ಬರುವ ರೇಡಿಯೊ ಮಾತು, ಚೌಕಟ್ಟಿನ ಅಂಚಿನಲ್ಲಿ ಒಂದು ಕಲ್ಲು ಕೊಂಚ ಸರಿದಂತೆ ಕಾಣುವುದು ಇವೆಲ್ಲ ಮೈ ಜುಂ ಎನ್ನಿಸುತ್ತವೆ. ಕಲ್ಲಿಗೆ ಕಾಲು ಮೂಡಿ ಅದು ಜೇಡದಂತೆ ಓಡತೊಡಗಿದ ಮೇಲೆ ಹೆದರಿಕೆ ಹೋಗಿ ನಗು ಬರುತ್ತದೆ. ಆದರೆ ನನ್ನ ಆಕ್ಷೇಪ ಜೇಡದ ಬಗ್ಗೆ ಅಲ್ಲ. ಕಥೆಯ ಪ್ರಕಾರ ಹೋದವರಲ್ಲಿ ಯಾರೂ ಬದುಕಿ ಬರುವುದಿಲ್ಲ, ನೌಕೆಯೂ ಹಿಂದಿರುಗುವುದಿಲ್ಲ. ಹಾಗಾದರೆ ಅವರು ತೆಗೆದ ಫಿಲ್ಮನ್ನು ಭೂಮಿಗೆ ತಂದವರು ಯಾರು?

ಮೊಬೈಲಿನಲ್ಲಿ ಚಿತ್ರ ತೆಗೆದು ಬೆಳೆದ ಪೀಳಿಗೆಗೆ ಈ ಪ್ರಶ್ನೆಯ ತೂಕ ಬೇಗ ಹೊಳೆಯದಿರಬಹುದು. ಫಿಲ್ಮ್ ಎಂಬುದು ಕೈಯಲ್ಲಿ ಹಿಡಿಯುವ ವಸ್ತು. ಬೆಳಕು ನುಸುಳದ ಕಪ್ಪು ಬಟ್ಟೆಯ ಚೀಲದೊಳಗೆ ಎರಡೂ ಕೈ ತೂರಿಸಿ, ಕಣ್ಣಿನ ನೆರವಿಲ್ಲದೆ ಬೆರಳಿನಿಂದಲೇ ರಂಧ್ರಗಳನ್ನು ತಡವಿ, ಕ್ಯಾಮೆರಾದ ಹಲ್ಲುಗಳಿಗೆ ಕೂರಿಸಿ ಮುಚ್ಚಳ ಹಾಕುತ್ತಿದ್ದೆವು. ಅಷ್ಟು ಪಾಡುಪಟ್ಟು ತುಂಬಿದ 100 ಅಡಿಯ ರೀಲು ಮೂರು ನಿಮಿಷ ತುಂಬುವ ಮೊದಲೇ ಮುಗಿದುಹೋಗುತ್ತಿತ್ತು. ಬಳಿಕ ಅದನ್ನು ಡಬ್ಬಿಗೆ ಹಾಕಿ, ಟೇಪು ಸುತ್ತಿ, ಲ್ಯಾಬಿಗೆ ಕಳಿಸಿ, ರಾಸಾಯನಿಕದಲ್ಲಿ ತೊಳೆದು ಬಂದ ಮೇಲಷ್ಟೇ ಏನು ಸಿಕ್ಕಿದೆ, ಏನು ಕೆಟ್ಟಿದೆ ಎಂಬುದು ತಿಳಿಯುತ್ತಿತ್ತು. ಅಪೊಲೊ ನೌಕೆಗಳಲ್ಲಿದ್ದ 16 ಎಂ.ಎಂ. ಕ್ಯಾಮೆರಾದ ಒಂದು ಮ್ಯಾಗಜೀನಿನಲ್ಲಿ (ಕ್ಯಾಮೆರಾಕ್ಕೆ ಸಿಕ್ಕಿಸುವ ಫಿಲ್ಮಿನ ಪೆಟ್ಟಿಗೆ) ಹಿಡಿಸುತ್ತಿದ್ದದ್ದು 140 ಅಡಿ ಫಿಲ್ಮ್. ಸಿನಿಮಾದ ಸಹಜ ವೇಗವಾದ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡಿಸಿದರೆ ಅದು ನಾಲ್ಕು ನಿಮಿಷಕ್ಕೂ ಸಾಲದು. 84 ಗಂಟೆಗಳಿಗೆ ಲೆಕ್ಕ ಹಾಕಿದರೆ ಸಾವಿರಕ್ಕೂ ಹೆಚ್ಚು ಮ್ಯಾಗಜೀನುಗಳು ಬೇಕು. ನಿಜವಾದ ಯಾನಗಳಲ್ಲಿ ಒಂದೊಂದು ಕಿಲೊ ಭಾರಕ್ಕೂ ಲೆಕ್ಕವಿತ್ತು. ಅಪೊಲೊ 11ರ ಯಾತ್ರಿಗಳು ದುಬಾರಿ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಗಳನ್ನು ಚಂದ್ರನ ಮೇಲೆಯೇ ಬಿಟ್ಟು, ಫಿಲ್ಮ್ ಇದ್ದ ಮ್ಯಾಗಜೀನುಗಳನ್ನು ಮಾತ್ರ ಬಿಚ್ಚಿಕೊಂಡು ಬಂದರು.

ಫಿಲ್ಮ್ ಬಾರದಿದ್ದರೇನು, ಟಿ.ವಿ. ಸಂಕೇತಗಳಾಗಿ ಬಂದಿರಬಹುದಲ್ಲ ಎಂದು ವಾದಿಸುವವರಿದ್ದಾರೆ. ಬರಬಹುದಿತ್ತು, ಆದರೆ ಗುಟ್ಟಾಗಿ ಅಲ್ಲ. ಭೂಮಿ ತಿರುಗುತ್ತಿರುವುದರಿಂದ ಚಂದ್ರನ ಮೇಲೆ ಸದಾ ಕಣ್ಣಿಡಲು ಕ್ಯಾಲಿಫೋರ್ನಿಯ, ಸ್ಪೇನ್ ಮತ್ತು ಆಸ್ಟ್ರೇಲಿಯಗಳಲ್ಲಿ ದೊಡ್ಡ ಆಂಟೆನಾಗಳ ಕೇಂದ್ರಗಳು ಬೇಕಾಗಿದ್ದವು. ಅಂಥ ಆಂಟೆನಾ ಎಷ್ಟು ದೊಡ್ಡದು ಎಂಬುದನ್ನು ಊಹಿಸಲು ನಾವು ದೂರ ಹೋಗಬೇಕಾಗಿಲ್ಲ: ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊ ಚಂದ್ರಯಾನಕ್ಕೆಂದು ನಿಲ್ಲಿಸಿದ ಆಂಟೆನಾದ ವ್ಯಾಸ 32 ಮೀಟರ್. ಅಷ್ಟು ದೇಶಗಳ, ಅಷ್ಟು ಕೇಂದ್ರಗಳ ಸಿಬ್ಬಂದಿಯ ಬಾಯಿಯನ್ನು ದಶಕಗಳ ಕಾಲ ಕಟ್ಟಿಹಾಕುವುದು ಹೇಗೆ? 110 ಮೀಟರ್ ಎತ್ತರದ, ಸುಮಾರು 3,000 ಟನ್ ತೂಕದ ಸ್ಯಾಟರ್ನ್ 5 ರಾಕೆಟ್ಟನ್ನು ಫ್ಲೋರಿಡಾದ ಕಡಲ ತೀರದಿಂದ ಯಾರ ಕಣ್ಣಿಗೂ ಬೀಳದಂತೆ ಹಾರಿಸುವುದು ಇನ್ನೊಂದು ಪವಾಡ. ಗುಟ್ಟುಗಳನ್ನು ಬಯಲಿಗೆಳೆಯಲು ದೊಡ್ಡ ಪತ್ತೇದಾರರೇ ಬೇಕೆಂದೂ ಇಲ್ಲ. ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಶಾಲೆಯಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಜೆಫ್ರಿ ಪೆರಿ ಎಂಬ ಉಪಾಧ್ಯಾಯರೂ ಅವರ ವಿದ್ಯಾರ್ಥಿಗಳೂ ಸಾಧಾರಣ ರೇಡಿಯೊ ಗ್ರಾಹಕದಲ್ಲಿ ಸೋವಿಯತ್ ಉಪಗ್ರಹಗಳ ಸಂಕೇತ ಕೇಳಿ ಕಕ್ಷೆಗಳನ್ನು ಲೆಕ್ಕ ಹಾಕಿ, ಪ್ಲೆಸೆಟ್ಸ್ಕ್‌ನಲ್ಲಿ ಒಂದು ರಹಸ್ಯ ಉಡಾವಣಾ ಕೇಂದ್ರವಿದೆಯೆಂದು 1966ರಲ್ಲಿಯೇ ಜಗತ್ತಿಗೆ ತಿಳಿಸಿದರು. ಸೋವಿಯತ್ ಸರ್ಕಾರ ಅದನ್ನು ಒಪ್ಪಿಕೊಂಡದ್ದು 1983ರಲ್ಲಿ.

ಅಂದ ಮಾತ್ರಕ್ಕೆ ಬಾಹ್ಯಾಕಾಶದಲ್ಲಿ ರಹಸ್ಯ ಯೋಜನೆಗಳೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದವು, ಮತ್ತು ಅವುಗಳ ನಿಜವಾದ ಚರಿತ್ರೆ ಸಿನಿಮಾಗಿಂತ ಸೋಜಿಗದ್ದು. ‘ಅಪೊಲೊ 18’ ಚಿತ್ರದಲ್ಲಿ ಚಂದ್ರನ ಮೇಲೆ ಸೋವಿಯತ್ ನೌಕೆಯೊಂದು ಅನಾಥವಾಗಿ ನಿಂತಿರುತ್ತದೆ. ಅಂಥ ನೌಕೆಯನ್ನು ಸೋವಿಯತ್ ಒಕ್ಕೂಟ ಕಟ್ಟಿದ್ದು ನಿಜ. 1970 ಮತ್ತು 1971ರಲ್ಲಿ ಮನುಷ್ಯರಿಲ್ಲದೆ ಭೂಕಕ್ಷೆಯಲ್ಲಿ ಪರೀಕ್ಷಿಸಿದ್ದೂ ನಿಜ. ಆದರೆ ಅದನ್ನು ಚಂದ್ರನಿಗೆ ಒಯ್ಯಬೇಕಿದ್ದ ಎನ್1 ರಾಕೆಟ್ 1969ರಿಂದ 1972ರವರೆಗೆ ನಾಲ್ಕು ಸಲವೂ ಹಾರಿದ ಸ್ವಲ್ಪ ಹೊತ್ತಿನಲ್ಲೇ ನಾಶವಾಯಿತು. ನಾವು ಚಂದ್ರನ ಓಟದಲ್ಲಿ ಇರಲೇ ಇಲ್ಲ ಎಂದು ಮಾಸ್ಕೊ ಹೇಳುತ್ತಲೇ ಬಂತು. 1981ರಲ್ಲಿ ಆ ಪರೀಕ್ಷಾ ನೌಕೆಗಳಲ್ಲೊಂದು ಆಸ್ಟ್ರೇಲಿಯದ ಮೇಲೆ ಕುಸಿಯುವಾಗ, ಅದರಲ್ಲಿ ಪರಮಾಣು ಇಂಧನವಿದೆಯೇ ಎಂಬ ಭಯ ಹೋಗಲಾಡಿಸಲು, ಅದು ಪ್ರಾಯೋಗಿಕ ಚಂದ್ರನೌಕೆಯೆಂದು ಮಾಸ್ಕೊ ತಾನೇ ಬಾಯಿಬಿಡಬೇಕಾಯಿತು.

ಇನ್ನು ‘ಸಿಕ್ಕಿದ ದೃಶ್ಯ’ದ ವಿಷಯಕ್ಕೆ ಬಂದರೆ, ರಹಸ್ಯ ಬಾಹ್ಯಾಕಾಶ ಯಾನದ ಫಿಲ್ಮನ್ನು ಮನುಷ್ಯರು ನಿಜವಾಗಿಯೂ ಹುಡುಕಿಕೊಂಡು ಹೋದದ್ದುಂಟು. ಅಮೆರಿಕದ ಬೇಹುಗಾರಿಕಾ ಉಪಗ್ರಹಗಳು ಮೊದಮೊದಲು ಫಿಲ್ಮಿನಲ್ಲೇ ಚಿತ್ರ ತೆಗೆಯುತ್ತಿದ್ದವು. ವಿಜ್ಞಾನದ ಪ್ರಯೋಗವೆಂಬ ಮುಸುಕಿನಲ್ಲಿ ನಡೆದ ಕೊರೊನಾ ಯೋಜನೆಯಲ್ಲಿ (ಈಚಿನ ಸಾಂಕ್ರಾಮಿಕಕ್ಕೂ ಈ ಹೆಸರಿಗೂ ಸಂಬಂಧವಿಲ್ಲ) ಫಿಲ್ಮ್ ತುಂಬಿದ ಕೋಶ ಉಪಗ್ರಹದಿಂದ ಬೇರ್ಪಟ್ಟು ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು. ವಿಮಾನವೊಂದು ಕೊಕ್ಕೆಗಳನ್ನು ಇಳಿಬಿಟ್ಟು ಅದನ್ನು ಆಕಾಶದಲ್ಲೇ ಸಿಕ್ಕಿಸಿಕೊಂಡು ಒಳಗೆ ಎಳೆದುಕೊಳ್ಳುತ್ತಿತ್ತು. 1960ರ ಆಗಸ್ಟಿನಲ್ಲಿ ಹಾಗೆ ಮೊದಲ ಫಿಲ್ಮ್ ದಕ್ಕಿತು. 1964ರಲ್ಲಿ ಒಂದು ಕೋಶ ದಾರಿ ತಪ್ಪಿ ವೆನೆಜುವೆಲಾದ ಹೊಲವೊಂದರಲ್ಲಿ ಬಿದ್ದು ರೈತರ ಕೈಗೆ ಸಿಕ್ಕಿತು. ಆಮೇಲೆ ಕೋಶಗಳ ಮೇಲೆ ‘ರಹಸ್ಯ’ ಎಂದು ಬರೆಯುವುದನ್ನು ಬಿಟ್ಟು, ತಂದುಕೊಟ್ಟವರಿಗೆ ಬಹುಮಾನವಿದೆ ಎಂದು ಎಂಟು ಭಾಷೆಗಳಲ್ಲಿ ಬರೆಯತೊಡಗಿದರು.

ಕೊರೊನಾದ ನಂತರ ಬಂದ ಹೆಕ್ಸಗನ್ ಉಪಗ್ರಹ ಒಂದು ಬಸ್ಸಿಗಿಂತ ಉದ್ದವಾಗಿತ್ತು. ಅದರ ಹೊಟ್ಟೆಯಲ್ಲಿ ಸುಮಾರು 60 ಮೈಲಿ ಫಿಲ್ಮ್ ಇರುತ್ತಿತ್ತು. 1971ರ ಜುಲೈನಲ್ಲಿ ಮೊದಲ ಹೆಕ್ಸಗನ್ ಕಳಿಸಿದ ಮೂರನೆಯ ಕೋಶದ ಪ್ಯಾರಾಚೂಟ್ ಹರಿದು, ಕೋಶ ಹವಾಯಿ ಬಳಿಯ ಪೆಸಿಫಿಕ್ ಸಾಗರಕ್ಕೆ ಬಿದ್ದು 16,000 ಅಡಿಗಳಿಗೂ ಆಳದ ತಳ ಸೇರಿತು. ಅಮೆರಿಕದ ನೌಕಾಪಡೆ ಟ್ರಿಯೆಸ್ಟ್ 2 ಎಂಬ ಆಳಸಮುದ್ರದ ಮುಳುಗುನೌಕೆಯಲ್ಲಿ ಜನರನ್ನು ಇಳಿಸಿ, ತಿಂಗಳುಗಟ್ಟಲೆ ಹುಡುಕಿ, 1972ರ ಏಪ್ರಿಲಿನಲ್ಲಿ ಕತ್ತಲ ತಳದಲ್ಲಿ ಬಿದ್ದಿದ್ದ ಫಿಲ್ಮಿನ ಸುರುಳಿಗಳನ್ನು ಕೊಂಡಿಯಿಂದ ಹಿಡಿದೆತ್ತಿತು. ಮೇಲಕ್ಕೆ ತರುವ ಹಾದಿಯಲ್ಲಿ, ಒಂಬತ್ತು ತಿಂಗಳು ಉಪ್ಪುನೀರಿನಲ್ಲಿ ನೆಂದಿದ್ದ ಫಿಲ್ಮ್ ಚೂರುಚೂರಾಗಿ ಕಳಚಿ ಬಹುಪಾಲು ಮತ್ತೆ ಸಮುದ್ರದ ಪಾಲಾಯಿತು. ಫಿಲ್ಮ್ ನೆನೆದು ಹಾಳಾಗುವುದನ್ನು ಕಣ್ಣಾರೆ ಕಂಡ ಯಾರಿಗೂ ಈ ವಿವರ ಓದುವಾಗ ಹೊಟ್ಟೆ ಚುರ್ ಎನ್ನದಿರದು. ಹೆಕ್ಸಗನ್ ಯೋಜನೆಯ ಮೇಲಿದ್ದ ರಹಸ್ಯದ ಮುದ್ರೆಯನ್ನು ಅಮೆರಿಕ ತೆಗೆದದ್ದು 2011ರ ಸೆಪ್ಟೆಂಬರಿನಲ್ಲಿ. ‘ಅಪೊಲೊ 18’ ತೆರೆಕಂಡ ಅದೇ ತಿಂಗಳು ನಿಜವಾದ ರಹಸ್ಯ ಯಾನವೊಂದರ ದಾಖಲೆಗಳು ಸಾರ್ವಜನಿಕರ ಮುಂದೆ ಬಂದವು. ನಮ್ಮಲ್ಲಿ ಎಷ್ಟು ಜನ ಅವುಗಳತ್ತ ತಿರುಗಿ ನೋಡಿದರು?

ಈ ದಾಖಲೆಗಳಿಗೂ ಸಿನಿಮಾ ತುಣುಕಿಗೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಪ್ರತಿ ಸುರುಳಿಗೂ ಒಂದು ದಾರಿಯಿದೆ. ಯಾರು ತೆಗೆದರು, ಹೇಗೆ ಇಳಿಯಿತು, ಯಾವ ಕೈಗೆ ಬಂತು, ಎಲ್ಲಿ ತೊಳೆದರು, ಎಲ್ಲಿ ಕಳೆಯಿತು ಎಂಬುದಕ್ಕೆಲ್ಲ ಉತ್ತರವಿದೆ. ಅಪೊಲೊ 17ರ ನೌಕೆ ಚಂದ್ರನಿಂದ ಮೇಲೇಳುವ ದೃಶ್ಯ ತೋರಿಸಿ, ಎಲ್ಲರೂ ಹೊರಟ ಮೇಲೆ ಕ್ಯಾಮೆರಾ ಹಿಡಿದವರು ಯಾರು ಎಂದು ಸವಾಲು ಹಾಕುವವರಿಗೂ ಉತ್ತರವಿದೆ: ಅಲ್ಲೇ ಬಿಟ್ಟುಬಂದ ವಾಹನದ ಮೇಲಿನ ಟಿ.ವಿ. ಕ್ಯಾಮೆರಾವನ್ನು ಹ್ಯೂಸ್ಟನ್ನಿನ ನಾಸಾ ನಿಯಂತ್ರಣ ಕೇಂದ್ರದಲ್ಲಿ ಕುಳಿತ ಎಡ್ ಫೆಂಡೆಲ್, ಸಂಕೇತ ತಲುಪಲು ಹಿಡಿಯುವ ಸಮಯವನ್ನು ಮೊದಲೇ ಲೆಕ್ಕ ಹಾಕಿಕೊಂಡು, ಮೇಲಕ್ಕೆ ತಿರುಗಿಸಿದರು. ಇಂದು ಚಂದ್ರಯಾನ-2ರ ಕಕ್ಷಾನೌಕೆಯ ಕ್ಯಾಮೆರಾ ಅಪೊಲೊ 11 ಇಳಿದ ಜಾಗದ ಚಿತ್ರವನ್ನೂ ತೆಗೆದಿದೆ. 2019ರಲ್ಲಿ ಅಪ್ಪಳಿಸಿದ ನಮ್ಮ ವಿಕ್ರಮ್ ನೌಕೆಯ ಅವಶೇಷವನ್ನು ನಾಸಾ ಸಾರ್ವಜನಿಕವಾಗಿ ಪ್ರಕಟಿಸಿದ್ದ ಚಿತ್ರಗಳಲ್ಲಿ ಮೊದಲು ಗುರುತಿಸಿದವರು ಚೆನ್ನೈನ ಒಬ್ಬ ಎಂಜಿನಿಯರ್. ಮನೆಯಲ್ಲಿ ಕುಳಿತು, ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿಯೇ ಅವರು ಅದನ್ನು ಕಂಡುಹಿಡಿದರು.

ಈ ದಾರಿಯನ್ನು ಗೌರವಿಸಿದರೆ ಕಥೆಗಾರನ ಕೈ ಕಟ್ಟಿಹಾಕಿದಂತಾಗುತ್ತದೆ ಎಂದು ಯಾರಾದರೂ ಹೇಳಬಹುದು. 2013ರಲ್ಲಿ ಬಂದ ‘ಯೂರೋಪಾ ರಿಪೋರ್ಟ್’ ಆ ಮಾತನ್ನು ಸುಳ್ಳಾಗಿಸುತ್ತದೆ. ಗುರುಗ್ರಹದ ಉಪಗ್ರಹ ಯೂರೋಪಾಕ್ಕೆ ಖಾಸಗಿ ಸಂಸ್ಥೆಯೊಂದು ಕಳಿಸಿದ ಆರು ಮಂದಿಯ ಕಥೆ ಅದು. ಅಲ್ಲಿ ದೃಶ್ಯಗಳು ಭೂಮಿಗೆ ಹೇಗೆ ತಲುಪಿದವು ಎಂಬುದು ಕಥೆಯ ಹೊರಗಿನ ಪ್ರಶ್ನೆಯಲ್ಲ, ಕಥೆಯ ಬೆನ್ನೆಲುಬು. ಕಡಿದುಹೋದ ಸಂಪರ್ಕವನ್ನು ಸರಿಪಡಿಸಿ, ತಾವು ಕಂಡದ್ದು ಮನೆಯವರ ಕಣ್ಣಿಗೂ ಬೀಳಬೇಕೆಂದು ಯಾತ್ರಿಗಳು ಪಡುವ ಪಾಡೇ ಕೊನೆಯ ಅರ್ಧ ಗಂಟೆಯನ್ನು ಉಸಿರು ಬಿಗಿಹಿಡಿದು ನೋಡುವಂತೆ ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಕಾರದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಬಾಹ್ಯಾಕಾಶ ಚಿತ್ರ ಬಂದಿಲ್ಲ.

ಭಯವೇ ಬೇಕೆಂದರೂ ನಿಜವಾದ ಯಾನಗಳಲ್ಲಿ ಅದಕ್ಕೆ ಬರವಿರಲಿಲ್ಲ. ಚಂದ್ರನಿಂದ ಮೇಲೇಳಲು ಇದ್ದದ್ದು ಒಂದೇ ಎಂಜಿನ್, ಅದಕ್ಕೆ ಬದಲಿ ಇರಲಿಲ್ಲ. ಅದು ಹೊತ್ತಿಕೊಳ್ಳದಿದ್ದರೆ ಓದಲೆಂದು ಅಧ್ಯಕ್ಷ ನಿಕ್ಸನ್ ಅವರಿಗೆ ಅವರ ಭಾಷಣಕಾರರಲ್ಲೊಬ್ಬರಾದ, ಅಂದರೆ ಭಾಷಣ ಬರೆದುಕೊಡುತ್ತಿದ್ದ, ವಿಲಿಯಂ ಸಫೈರ್ ಸಂತಾಪದ ಭಾಷಣವನ್ನು 1969ರ ಜುಲೈ 18ರಂದೇ ಬರೆದಿಟ್ಟಿದ್ದರು. ಆ ಕಾಗದ ಇಂದಿಗೂ ಸಂಗ್ರಹದಲ್ಲಿದೆ. ಹಿಂದಿರುಗಿದವರಿಂದ ಅಪರಿಚಿತ ಸೂಕ್ಷ್ಮಜೀವಿ ಹರಡೀತೆಂಬ ಶಂಕೆಯಿಂದ ಮೊದಲ ಯಾನಗಳ ಯಾತ್ರಿಗಳನ್ನು ವಾರಗಟ್ಟಲೆ ಪ್ರತ್ಯೇಕವಾಗಿ ಇರಿಸಿದ್ದರು. ಅಪೊಲೊ 16 ಮರಳಿ, ಅಪೊಲೊ 17 ಹೊರಡುವ ಮುನ್ನ, 1972ರ ಆಗಸ್ಟಿನಲ್ಲಿ, ಸೂರ್ಯನಿಂದ ಎಂಥ ಪ್ರಚಂಡ ವಿಕಿರಣ ಸಿಡಿಯಿತೆಂದರೆ, ಆಗ ಯಾರಾದರೂ ಚಂದ್ರನ ಮೇಲೆ ನಡೆದಾಡುತ್ತಿದ್ದರೆ ಜೀವಕ್ಕೆ ಕುತ್ತು ಬರುವ ಸಂಭವವಿತ್ತು.

ಸಿನಿಮಾಗಳನ್ನು ನಿಷೇಧಿಸಿ ಎಂದಾಗಲಿ, ಪ್ರತಿ ದೃಶ್ಯದ ಕೆಳಗೆ ಎಚ್ಚರಿಕೆ ಹಾಕಿ ಎಂದಾಗಲಿ ನಾನು ಕೇಳುತ್ತಿಲ್ಲ. ಚಿತ್ರಮಂದಿರದಲ್ಲಿ ಟಿಕೆಟ್ ಕೊಂಡು ಕೂತವನಿಗೆ ತಾನು ನೋಡುತ್ತಿರುವುದು ಆಟವೆಂದು ಗೊತ್ತಿರುತ್ತದೆ. ಹೆಸರು, ನಟರ ಪಟ್ಟಿ, ಆರಂಭ, ಅಂತ್ಯ ಎಲ್ಲವನ್ನೂ ಕತ್ತರಿಸಿ ನಡುವಿನ ತುಂಡನ್ನಷ್ಟೇ ಕೈಗಿತ್ತಾಗ ಆ ತಿಳಿವಳಿಕೆಯೂ ಕತ್ತರಿಸಿ ಹೋಗುತ್ತದೆ. ಆದ್ದರಿಂದ ನನ್ನ ಕೋರಿಕೆ ಮಾಧ್ಯಮದವರಲ್ಲಿ. ಅನ್ಯಗ್ರಹ, ರಹಸ್ಯ ಯಾನ ಮುಂತಾದ ಕಾರ್ಯಕ್ರಮಗಳನ್ನು ಪ್ರಸಾರ ಮಾಡುವ ಕನ್ನಡದ ವಾಹಿನಿಗಳು ಹಿನ್ನೆಲೆಯಲ್ಲಿ ಸಿನಿಮಾದ ದೃಶ್ಯ ಬಳಸುವಾಗ ತೆರೆಯ ಮೇಲೆ ಆ ಸಿನಿಮಾದ ಹೆಸರನ್ನೂ ವರ್ಷವನ್ನೂ ಓದಲು ಸಾಧ್ಯವಾಗುವಷ್ಟು ಹೊತ್ತು ತೋರಿಸಬೇಕು. ನಾಸಾದ್ದೋ ಇಸ್ರೊದ್ದೋ ನಿಜವಾದ ದೃಶ್ಯವಾದರೆ ಯಾವ ಯಾನ, ಯಾವ ದಿನಾಂಕ ಎಂಬುದನ್ನು ಬರೆಯಬೇಕು. ತಮ್ಮ ಪತ್ರಿಕೆ ಹರಿದಾಡುವ ಸುದ್ದಿಗಳ ಸತ್ಯಾಸತ್ಯ ಪರಿಶೀಲಿಸುವಾಗ ‘ಇದು ಸುಳ್ಳು’ ಎಂಬ ಒಂದು ಸಾಲಿಗೆ ನಿಲ್ಲದೆ, ತುಣುಕು ಯಾವ ಚಿತ್ರದ ಯಾವ ಭಾಗದಿಂದ ಬಂದದ್ದು ಎಂಬುದನ್ನೂ ತಿಳಿಸಿದರೆ ಓದುಗರೇ ಮುಂದಿನ ತುಣುಕನ್ನು ಹಿಡಿಯಬಲ್ಲರು. ಸಿನಿಮಾ ಪುರವಣಿಗೂ ವಿಜ್ಞಾನದ ಪುಟಕ್ಕೂ ಒಟ್ಟಿಗೆ ಒಪ್ಪುವ ವಸ್ತು ಹೆಕ್ಸಗನ್ ಕೋಶದ ಶೋಧ. ಸಮುದ್ರತಳದಲ್ಲಿ ತೆಗೆದ ಅದರ ಛಾಯಾಚಿತ್ರಗಳೂ ವರದಿಗಳೂ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 2012ರಲ್ಲಿ ಬಿಡುಗಡೆ ಮಾಡಿದ ಕಡತಗಳಲ್ಲಿ ಎಲ್ಲರಿಗೂ ಲಭ್ಯವಿವೆ. ಅದರ ಬಗ್ಗೆ ಬಲ್ಲವರಿಂದ ಒಂದು ಲೇಖನ ಬರೆಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಛಾಯಾಗ್ರಾಹಕ, ಮೈಸೂರು